ಅಡಿವೆಪ್ಪಣ್ಣನ ಭೋಂಗಾ

ಗಿರಣಿಯ ಭೋಂಗಾ ಊದುವ ಮುನ್ನ ಅಡಿವೆಪ್ಪಣ್ಣ ಚಪ್ಪಲಿ ಬಿಡುತ್ತಿದ್ದ, ರುಮಾಲು ಬಿಚ್ಚಿ ಹೊಸದಾಗಿ ಸುತ್ತಿಕೊಳ್ಳುತ್ತಿದ್ದ, ಆಮೇಲೆ ಎರಡೂ ಕೈಯಿಂದ ಸರಪಳಿ ಜಗ್ಗುತ್ತಿದ್ದ. ಆ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು; ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ. ಸಂಜೆಯ ಭೋಂಗಾ ಕೇಳಿಯೇ ಬೈಲಹೊಂಗಲದ ಹೆಂಗಸರು ಒಲೆ ಹೊತ್ತಿಸುತ್ತಿದ್ದರು. ಹತ್ತಿ ಗಿರಣಿಯೊಳಗೆ ದುಡಿಯುವ ನಾವು ಹೆಣ್ಣಾಳುಗಳಂತೂ ಅದು ಆಗದೆ ಕೆಲಸದಿಂದ ಕೈ ಎತ್ತುವಂತಿರಲಿಲ್ಲ. ಎತ್ತಿದರೆ ಆ ದಿನದ ಹಾಜರಿ ಹೋಗುತ್ತಿತ್ತು.

ಒಮ್ಮೆ ಮುರಗೋಡದ ಸಂತೆಗೆ ಹೋದವನು ಸ್ವರಾಜ್ಯದ ಭಾಷಣ ಕೇಳಿ ಬಂದ. ಮರುದಿನ ಬುತ್ತಿ ಬಿಚ್ಚಿದಾಗ, "ಸಂಪು ಮಾಡೂಣು! ಏಳಕ್ಕ ಬಿಡೂದು ಸಾಕು, ಐದಕ್ಕ ಬಿಡ್ಲಿ!" ಎಂದು ಗುಟ್ಟಾಗಿ ಕೂಗಿದ. ನನಗೆ ಹೋದ ಜೀವ ಬಂದಂತಾಯಿತು. ಮನೆಯಲ್ಲಿ ಮೂರು ತಿಂಗಳ ಕೂಸು. ನಾನು ಹೋಗುವಷ್ಟರಲ್ಲಿ ಅತ್ತು ಅತ್ತು ಹಾಲಿಲ್ಲದೆ ಮಲಗಿರುತ್ತಿತ್ತು. ಸೋಮವಾರ ಐದಕ್ಕೆ ಭೋಂಗಾ ಊದುವುದು, ಊದಿದ ಕೂಡಲೇ ಎಲ್ಲರೂ ಕೆಲಸ ಬಿಟ್ಟು ಏಳುವುದು ಎಂದು ಮಾತಾಯಿತು.

ಸೋಮವಾರ ಐದಾಯಿತು, ಆರಾಯಿತು, ಏಳೂ ಆಯಿತು. ಭೋಂಗಾ ಇಲ್ಲ. ನಾವು ಶಿಸ್ತಿನಿಂದ ಯಂತ್ರಕ್ಕೆ ಹತ್ತಿ ಹಾಕುತ್ತಲೇ ಇದ್ದೆವು. ನನ್ನ ಕುಪ್ಪಸ ಹಾಲಿನಿಂದ ಒದ್ದೆಯಾಗಿತ್ತು. ಕೈ ಎತ್ತದೆ ಕುಳಿತಲ್ಲಿಂದಲೇ ಒದರಿದೆ: "ಯಣ್ಣಾ, ಯಾಕ ಊದವಲ್ಲಿ?"

ಅವನು ಚಪ್ಪಲಿ ಹಾಕಿಕೊಂಡೇ ಕೈಕಟ್ಟಿ ಕುಳಿತಿದ್ದ. "ಸಂಪು ಐತಲ್ಲ ತಂಗೀ! ಎಲ್ಲಾರೂ ಕೆಲಸ ಬಿಟ್ಟಾಗ ನಾ ಒಬ್ಬಾಂವ ಹೆಂಗ ದುಡೀಲಿ?"

"ನಾವಿನ್ನೂ ಬಿಟ್ಟಿಲ್ಲೋ!"

"ನಾಚಿಕಿ ಬರೂದಿಲ್ಲೇನ ನಿಮಗ?"

ಏಳರ ಮೇಲೂ ಕೆಲಸ ನಡೆದದ್ದು ನೋಡಿ ಗಿರಣಿಯ ಸಾಹುಕಾರರಿಗೆ ಮೊದಮೊದಲು ಖುಷಿಯೇ ಆಗಿತ್ತು. ಆದರೆ ಊಟಕ್ಕೆಂದು ಮನೆಗೆ ಹೋದರೆ ಅಲ್ಲಿಯೂ ಒಲೆ ಹೊತ್ತಿರಲಿಲ್ಲ. ತಿರುಗಿ ಬಂದು ತಾವೇ ಸರಪಳಿ ಜಗ್ಗಿದರು. ಕೀರಲು ಸದ್ದು ಬಂತು. ಅದನ್ನು ಭೋಂಗಾ ಎಂದು ನಾವ್ಯಾರೂ ಒಪ್ಪಲಿಲ್ಲ.

"ಹಸಿವ್ಯಾಗೇತಿ, ಊದೋ ಮಾರಾಯಾ," ಎಂದರು ಸಾಹುಕಾರರು.

"ನಾಳಿಂದ ಐದಕ್ಕ ಬಿಡ್ತೇನಿ ಅನ್ರಿ."

"ಆತಪಾ, ಬಿಡ್ತೇನಿ."

ಅಡಿವೆಪ್ಪಣ್ಣ ಚಪ್ಪಲಿ ಬಿಟ್ಟ, ರುಮಾಲು ಸುತ್ತಿದ.

ಸಾಹುಕಾರರು ಮಾತು ಉಳಿಸಿಕೊಂಡರು, ಅವನನ್ನು ಮಾತ್ರ ಕೆಲಸದಿಂದ ತೆಗೆದರು. ನಮ್ಮ ಕೂಸುಗಳಿಗೆ ಹಾಲು ಸಿಕ್ಕಿತು, ಅವನ ಅನ್ನ ಹೋಯಿತು. ಅದಕ್ಕಾಗಿ ನಾವು ಸಂಪು ಮಾಡಲಿಲ್ಲ. ಆ ನಾಚಿಕೆ ಇವತ್ತಿಗೂ ನನಗಿದೆ. ಅವನು ಮಾತ್ರ ದಿನಾ ಐದಕ್ಕೆ ಗೇಟಿನ ಹೊರಗೆ ಬಂದು ಚಪ್ಪಲಿ ಬಿಟ್ಟು ರುಮಾಲು ಸುತ್ತಿಕೊಳ್ಳುತ್ತಿದ್ದ. ಒಳಗೆ ಹೊಸಬ ಸರಪಳಿ ಜಗ್ಗುತ್ತಿದ್ದ. ನಾವು ಬಾಗಿಲಿನಿಂದ ಆ ರುಮಾಲು ನೋಡಿಯೇ ಏಳುತ್ತಿದ್ದೆವು.

ಅವನು ತೀರಿಕೊಂಡ ದಿನವೂ ಐದಕ್ಕೆ ಸರಿಯಾಗಿ ಭೋಂಗಾ ಆಯಿತು. ಗೇಟಿನಲ್ಲಿ ಯಾರೂ ಇರಲಿಲ್ಲ. ನಾವು ಹತ್ತಿ ಹಾಕುತ್ತಲೇ ಇದ್ದೆವು. ಕಡೆಗೆ ಸಾಹುಕಾರರೇ ಬಂದು ಕೈಮುಗಿದರು.

"ಐದಾತು, ಏಳ್ರವ್ವಾ."