ನಾಲ್ಕು ಕುರ್ಚಿ, ಒಂದು ಟೇಬಲ್, ಇಪ್ಪತ್ತು ಕಾಲು

ಮಾಲೂರಿನ ಹೊಸ ಮನೆಗೆ ಊಟದ ಟೇಬಲ್ ಬೇಕೇ ಬೇಕು ಎಂದು ಹಟ ಹಿಡಿದವಳು ನಾನು. ಜಂಬಕ್ಕಲ್ಲ, ಅತ್ತೆಗೋಸ್ಕರ. ಲಕ್ಕೂರಿನ ಬಾಡಿಗೆ ಮನೆಯಲ್ಲಿ ಅವರು ನಮಗಿಬ್ಬರಿಗೂ ಬಡಿಸಿ, ಕೊನೆಗೆ ಅಡುಗೆಮನೆಯ ನೆಲದ ಮೇಲೆ ಒಬ್ಬರೇ ಕೂತು ಆರಿದ್ದನ್ನು ಉಣ್ಣುತ್ತಿದ್ದರು. ಕರೆದರೆ, "ನೀವು ತಿನ್ರೇ, ನಂದಿರ್ಲಿ" ಎನ್ನುವರು. ಆಮೇಲೆ ಮಂಡಿ ನೋವಿಗೆ ಗೋಡೆ ಹಿಡಿದು "ಅಮ್ಮಾ" ಎಂದು ಏಳುವರು. ಹೊಸ ಮನೆಯಲ್ಲಾದರೂ ಅವರು ನಮ್ಮ ಜೊತೆ ಕೂತು ಉಣ್ಣಬೇಕು, ಅಷ್ಟೇ.

ಕೋಲಾರದ ಹಳೇ ಸಾಮಾನಿನ ಅಂಗಡಿಯಲ್ಲಿ ತೇಗದ ಟೇಬಲ್ಲೊಂದು, ನಾಲ್ಕು ಕುರ್ಚಿ ಸಿಕ್ಕವು. ಮುಟ್ಟಿದರೆ ಸಾಕು, ಗಡಗಡ ಅಲ್ಲಾಡುತ್ತಿದ್ದವು. ಮಾರ್ಕೆಟ್ಟಿಗೆ ಟೊಮೆಟೊ ಇಳಿಸಿ ಖಾಲಿ ಹೊರಟಿದ್ದ ಟೆಂಪೋದಲ್ಲಿ ಸದ್ಯಕ್ಕೆ ಬಾಡಿಗೆ ಮನೆಗೇ ಹೇರಿಕೊಂಡು ಬಂದೆವು. ಎರಡು ದಿನ ಮನೆಯೆಲ್ಲ ಕೊಳೆತ ಟೊಮೆಟೊ ವಾಸನೆ.

ನಮ್ಮ ಯಜಮಾನರಿಗೆ ನರಸಾಪುರದ ಕಾರ್ಖಾನೆಯಲ್ಲಿ ತಪ್ಪು ಹುಡುಕುವ ಕೆಲಸ. ಎಲ್ಲಿ ಗೀಚು, ಎಲ್ಲಿ ಸೊಟ್ಟ ಎಂದು ನೋಡಿ ಕೆಂಪು ಸ್ಟಿಕರ್ ಅಂಟಿಸಬೇಕು. ಮನೆಯಲ್ಲೂ ಶುರು ಹಚ್ಚಿಕೊಂಡರು ನೋಡಿ! ಒಂದು ಗಂಟೆಯಲ್ಲಿ ಟೇಬಲ್ಲಿನ ಮೈಯೆಲ್ಲ ಕೆಂಪು ಸ್ಟಿಕರ್, ಸಿಡುಬಿನ ಅಮ್ಮ ಎದ್ದಂತೆ ಕಾಣುತ್ತಿತ್ತು.

"ರೀ, ಮರ ಎಲ್ರೀ ಕಾಣ್ತಿದೆ?" ಎಂದು ರೇಗಿದೆ.

"ಸುಮ್ನಿರೇ, ಕೆಲ್ಸ ಅಂದ್ರೆ ಹಿಂಗೇ!"

ಮೂರು ಭಾನುವಾರ ಇಬ್ಬರೂ ಅಲ್ಲಾಡುವ ಕಾಲುಗಳನ್ನು ಬಿಗಿದು, ಉಪ್ಪುಕಾಗದ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ತಲೆಯೆಲ್ಲ ಮರದ ಪುಡಿ, ಮುಖ ನೋಡಿಕೊಂಡರೆ ನಗು. ಪಾಲಿಶ್ ಹೊಳೆದಾಗ ನಾನಂತೂ ಟೇಬಲ್ ಸುತ್ತ ಕುಣಿದುಬಿಟ್ಟೆ.

ಹೊಸ ಮನೆಯಲ್ಲಿ ಹಾಲುಕ್ಕಿಸಿದ ಮರುದಿನ ಮಧ್ಯಾಹ್ನ ಮುದ್ದೆ, ಬಸ್ಸಾರು. "ಅತ್ತೇ, ನೀವು ಕೂರೋವರ್ಗೂ ನಾವು ಮುದ್ದೆ ಮುರಿಯಲ್ಲ" ಎಂದೆ. ಬೈದುಕೊಂಡೇ ಕುರ್ಚಿ ಹತ್ತಿ ಕೂತರು. ಕೂತರೆ ಕಾಲು ನೆಲಕ್ಕೆ ಮುಟ್ಟಲೇ ಇಲ್ಲ! ಅತ್ತೆ ಅಷ್ಟು ಕುಳ್ಳು.

"ಅಯ್ಯೋ ದೇವುಡಾ, ಕಾಲು ಜೋಲಾಡ್ತದೆ ಕಣೇ. ನಂಗೆ ನೆಲಾನೇ ಸರಿ" ಎಂದು ಇಳಿದು, ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೊರಟರು.

ನನಗೆ ಅಳುವೇ ಬಂತು. ಯಜಮಾನರು ಎದ್ದು ಹೋಗಿ ಗರಗಸ ತಂದರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಆ ಕುರ್ಚಿಯ ನಾಲ್ಕೂ ಕಾಲು ಗಿಡ್ಡ. ಅತ್ತೆಯನ್ನು ಹಿಡಿದು ತಂದು ಕೂರಿಸಿದೆವು. ಪಾದ ನೆಲಕ್ಕೆ ಸರಿಯಾಗಿ ಊರಿತು, ಟೇಬಲ್ ಮಾತ್ರ ಗಲ್ಲಕ್ಕೆ ಬಂತು! ಮುದ್ದೆಯ ಹಿಂದಿನಿಂದ ಅತ್ತೆಯ ಎರಡು ಕಣ್ಣು ಇಣುಕುತ್ತಿದ್ದವು. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ತಪ್ಪು ಹಿಡಿಯುವ ಮಹಾಶಯರು ಹೆತ್ತತಾಯಿಯ ಎತ್ತರ ಅಳೆದಿರಲಿಲ್ಲ.

ಮೊದಲು ನಕ್ಕವರು ಅತ್ತೆಯೇ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಟೇಬಲ್ಲಿನ ಕಾಲು ಕುಯ್ದೆವು. ಟೇಬಲ್ ತಗ್ಗಿದ ಮೇಲೆ ನಮ್ಮ ಮಂಡಿ ತೂರಲಿಲ್ಲ, ಮಿಕ್ಕ ಕುರ್ಚಿಗಳನ್ನೂ ಕುಯ್ದೆವು. ಆ ಹೊತ್ತಿಗೆ ಊಟ ತಣ್ಣಗಾಗಿತ್ತು. ನಾನು ಹೊಸದಾಗಿ ಮುದ್ದೆ ತಿರುವಿದೆ. ಮೂವರೂ ಬಾಲವಾಡಿ ಮಕ್ಕಳಂತೆ ಮಂಡಿ ಮೇಲೆತ್ತಿ ಕೂತೆವು.

ಅತ್ತೆ ಮುದ್ದೆ ಮುರಿದು ಬಸ್ಸಾರಿಗೆ ಅದ್ದಿ ಉಂಡರು. ತಟ್ಟೆ ಖಾಲಿಯಾಯಿತು. ಸ್ವಲ್ಪ ನಾಚಿಕೊಂಡು ನನ್ನತ್ತ ತಟ್ಟೆ ಸರಿಸಿ, "ಇನ್ನೊಂದು ಚಿಕ್ಕ ಮುದ್ದೆ ಹಾಕೇ" ಎಂದರು.

ಅವರು ಊಟ ಕೇಳಿದ್ದನ್ನು ನಾನು ಅವತ್ತಿನವರೆಗೂ ಕೇಳಿರಲಿಲ್ಲ. ಎಲ್ಲರೂ ಉಂಡೆದ್ದ ಮೇಲೆ ಒಬ್ಬರೇ ಕೂತು ಉಣ್ಣುವವರು ಯಾರನ್ನು ಕೇಳಬೇಕು?