ಕತ್ತರಿಗೆ ಮೇವು

ನಮ್ಮ ಸ್ಪೇನಿನಲ್ಲಿ ಸರ್ವಾಧಿಕಾರಿ ಬದುಕಿದ್ದಷ್ಟು ಕಾಲ ಸೆನ್ಸಾರಿನವರು ಓದಿ ಒಪ್ಪದೆ ಒಂದು ಚಿತ್ರಕಥೆಯೂ ಕ್ಯಾಮೆರಾ ಕಾಣುತ್ತಿರಲಿಲ್ಲ. ಅದಕ್ಕೇ ನಿರ್ದೇಶಕ ಎವರಿಸ್ತೋ ಮ್ಯಾಡ್ರಿಡ್ಡಿನ ಕೆಫೆಯಲ್ಲಿ ಕೂತು ಹಾಸ್ಯಚಿತ್ರ ಬರೆಯುವಾಗಲೆಲ್ಲ ಬೇಡದ ಹನ್ನೆರಡು ಚುಂಬನಗಳನ್ನು ತುರುಕುತ್ತಿದ್ದ. "ಕತ್ತರಿಗೆ ಮೇವು ಹಾಕ್ಬೇಕಪ್ಪಾ, ಹೊಟ್ಟೆ ತುಂಬಿದ್ರೆ ಮಿಕ್ಕಿದ್ದನ್ನ ಮುಟ್ಟಲ್ಲ," ಎನ್ನುತ್ತಿದ್ದ. ಮಿಕ್ಕಿದ್ದೆಂದರೆ ಒಂದೇ ದೃಶ್ಯ: ಹೆಂಗಸೊಬ್ಬಳು ಬುರ್ಗೋಸ್ ಊರಿಗೆ ಹೋಗುವ ರಸ್ತೆಯ ಕಂದಕದ ಬಳಿ ಬಸ್ಸಿಳಿದು, ಮಣ್ಣಿನ ಮೇಲೆ ಹೂವಿಟ್ಟು, ಮುಂದಿನ ಬಸ್ಸು ಹತ್ತುತ್ತಾಳೆ. ಒಂದಾದ ಮೇಲೊಂದು ಹನ್ನೊಂದು ಚಿತ್ರಗಳಿಗೆ ಅದನ್ನು ಬರೆದ. ಹನ್ನೊಂದು ಸಲವೂ ಸೆನ್ಸಾರ್ ಮಂಡಳಿಯಲ್ಲಿದ್ದ ಪಾದ್ರಿ ಚುಂಬನಗಳ ಜೊತೆಗೆ ಅದನ್ನೂ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದ. ಸರ್ವಾಧಿಕಾರಿ ಸತ್ತ, ಮಂಡಳಿ ಮುಚ್ಚಿತು, ಎವರಿಸ್ತೋ ಹನ್ನೆರಡನೆಯ ಸಲ ಬರೆದ. ಈ ಬಾರಿ ನಿರ್ಮಾಪಕನೇ ಹಾಳೆ ಹಿಂದಿರುಗಿಸಿದ: "ಜನ ನಗೋಕೆ ಬರ್ತಾರೆ, ದೋನ್ ಎವರಿಸ್ತೋ. ಆ ಹೆಂಗಸು, ಆ ಕಂದಕ ಈಗ ಯಾರಿಗ್ರೀ ಬೇಕು?" "ನಂಗೆ ಬೇಕು ಕಣಯ್ಯಾ. ಅವಳು ನಮ್ಮಮ್ಮ. ಅಂತರ್ಯುದ್ಧದಲ್ಲಿ ಸರ್ವಾಧಿಕಾರಿ ಕಡೆಯವ್ರು ನಮ್ಮಪ್ಪನ್ನ ಕೊಂದು ಹೂತಿದ್ದು ಅಲ್ಲೇ." ದೃಶ್ಯ ಚಿತ್ರವಾಗಲೇ ಇಲ್ಲ. ಕಳೆದ ವಾರ ಎವರಿಸ್ತೋ ತೀರಿಕೊಂಡ. ಪತ್ರಿಕೆಗಳೆಲ್ಲ ಅವನನ್ನು ನಗೆಯ ದೊರೆ ಎಂದು ಬರೆದವು. ಅವನ ಚಿತ್ರಗಳನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕವರೇ, ನಿಮ್ಮ ಹೂಮಾಲೆ ಅವನಿಗೆ ಬೇಡ. ಗುದ್ದಲಿ ತನ್ನಿ, ಆ ಕಂದಕ ಅಗೆಯಿರಿ.