ಸೈಡ್‌ಕಾರಿನಲ್ಲಿ ಕೂತ ಮಿಸ್ತ್ರಿ

ಅಜ್ಜನ ಕಾಲದ ಬ್ರಿಟಿಷ್ ಬೈಕು ಓಡಿಸಲು ನನಗೆ ಕಲಿಸಿದವನು ಸುರಪುರದ ಒಬ್ಬ ಗಾಡಿ ರಿಪೇರಿ ಮಿಸ್ತ್ರಿ. ಪಕ್ಕದ ಸೈಡ್‌ಕಾರು ಖಾಲಿಯಿದ್ದರೆ ಎಡತಿರುವಿನಲ್ಲಿ ಮೇಲೇಳುತ್ತದೆಂದು ತಾನೇ ಅದರಲ್ಲಿ ಭಾರವಾಗಿ ಕೂರುತ್ತಿದ್ದ. ತಿರುವಿನಲ್ಲಿ ನಾನು ಎರಡು ಚಕ್ರದ ಬೈಕಿನ ಅಭ್ಯಾಸಬಲದಿಂದ ಮೈ ವಾಲಿಸಿದಾಗೆಲ್ಲ ನಟ್ಟು ಬಿಗಿಯುವ ಪಾನಾದಿಂದ ಸೈಡ್‌ಕಾರಿನ ತಗಡು ಬಡಿಯುತ್ತಿದ್ದ:

"ವಾಲಬ್ಯಾಡ್ರಿ ಸರ, ಹ್ಯಾಂಡಲ್ ತಿರಗಸ್ರಿ!"

ತಿಂಗಳಾದರೂ ಅದೇ ಮಾತು, ಅದೇ ಬಡಿತ. ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಒಂದು ದಿನ ಹುಣಸಗಿ ರಸ್ತೆಯಲ್ಲಿ ಮತ್ತೆ ವಾಲಿ ಬೈಕನ್ನು ಹತ್ತಿಹೊಲಕ್ಕೆ ನುಗ್ಗಿಸಿದೆ. ತಗಡು ಸದ್ದಾಯಿತು. ರೇಗಿ ಇಳಿದುಬಿಟ್ಟೆ.

"ತಗೋಪಾ, ನೀನಽ ಓಡಿಸಿ ತೋರ್ಸು!"

ಆತ ಕೂತಲ್ಲಿಂದ ಮಿಸುಕಲಿಲ್ಲ. ಪಾನಾ ಚೀಲಕ್ಕೆ ಹಾಕಿ, ಮೊದಲ ಸಲ ದನಿ ತಗ್ಗಿಸಿದ.

"ನನಗ ಓಡ್ಸಾಕ ಬರಂಗಿಲ್ರಿ ಸರ. ಕೆಲ್ಸಾ ಕಲ್ಸಿದ ಉಸ್ತಾದ್ರು ಯಾವಾಗ್ಲೂ ನನ್ನ ಭಾರಕ್ಕಂತ ಇಂಥಾದ್ರಾಗಽ ಕುಂದರಸ್ತಿದ್ರು."